ಬಿಡ್ತು ಅನ್ನಿ, ಒಳ್ಳೇದನ್ನು ಆಡಿ: ಯೋಚನೆ, ಮಾತು, ಪ್ರಾರ್ಥನೆಯನ್ನು ದಿನನಿತ್ಯ ಬಳಸುವ ಬಗೆ

ಕೆಟ್ಟ ಮಾತು ಬಾಯಿಗೆ ಬಂದ ಕೂಡಲೇ "ಬಿಡ್ತು ಅನ್ನು" ಅಂತ ಗದರಿಸುವ ಹಿರಿಯರು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತಾರೆ. ಹೊರಡುವಾಗ "ಹೋಗ್ತೀನಿ" ಅಂದರೆ ಅವರು ಒಪ್ಪುವುದಿಲ್ಲ, "ಹೋಗಿ ಬರ್ತೀನಿ" ಅನ್ನಬೇಕು. ದೀಪ ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು. ಮುಸ್ಸಂಜೆ ಹೊತ್ತಲ್ಲಿ ಅಪಶಕುನದ ಮಾತಾಡಿದರೆ ಅಸ್ತು ದೇವತೆಗಳು "ಅಸ್ತು" ಅಂದುಬಿಡ್ತಾರೆ ಅಂತ ಹೆದರಿಸುತ್ತಾರೆ.

ಈ ಅಭ್ಯಾಸ ನನಗೆ ತುಂಬಾ ಇಷ್ಟ. ಆದರೆ ಈಚೆಗೆ ಇದರ ಜಾಗಕ್ಕೆ ಇನ್ನೊಂದು ಬಂದಿದೆ. ಕಣ್ಣು ಮುಚ್ಚಿ ಬೇಕಾದ್ದನ್ನು ನೆನೆಸಿಕೊಳ್ಳಿ, ಅದು ತಾನಾಗಿ ನಿಮ್ಮ ಹತ್ತಿರ ಬರುತ್ತೆ ಅನ್ನುವ ವಿಡಿಯೋಗಳು ಮೊಬೈಲ್ ತುಂಬಾ ಇವೆ. ಅದನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ ಅಂತಲೇ ಹೇಳ್ತೀನಿ. ಮಾತು ಕೆಲಸ ಮಾಡುವುದು ಆಡಿದವರ ಮೇಲೆ, ಕೇಳಿದವರ ಮೇಲೆ, ಆಮೇಲೆ ಅವರ ಕೈ ಮಾಡುವ ಕೆಲಸದ ಮೇಲೆ. ಅಷ್ಟೇ. ಆದರೆ ಅಷ್ಟು ಸಾಕು, ಅದೇನೂ ಸಣ್ಣದಲ್ಲ. ಅದನ್ನು ಹೇಗೆ ಬಳಸಿಕೊಳ್ಳಬಹುದು ಅಂತ ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಮಾತನ್ನು ನೀವೇ ಕೇಳಿಸಿಕೊಳ್ಳಿ

ಏನನ್ನೂ ಬದಲಾಯಿಸಲು ಹೋಗಬೇಡಿ. ಮೂರು ದಿನ ಸುಮ್ನೆ ಗಮನಿಸಿ. ಬೆಳಿಗ್ಗೆ ಎದ್ದ ಕೂಡಲೇ ತಲೆಗೆ ಬರುವ ಮೊದಲ ಮಾತು ಯಾವುದು? ಊಟಕ್ಕೆ ಕೂತಾಗ ಯಾರ ಬಗ್ಗೆ ಏನು ಆಡ್ತೀರಿ? ರಾತ್ರಿ ದೀಪ ಶಾಂತ ಮಾಡಿದ ಮೇಲೆ ತಲೆಯಲ್ಲಿ ಏನು ಓಡುತ್ತೆ? ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಇದ್ದದ್ದು ಇದ್ದ ಹಾಗೆ, ತಿದ್ದದೆ.

ಕೆಲವು ಮಾತು ಮತ್ತೆ ಮತ್ತೆ ಬರುತ್ತವೆ. "ನನ್ನ ಹಣೆಬರಹನೇ ಇಷ್ಟು." "ನಮ್ಮಂಥವರಿಗೆಲ್ಲ ಅದು ಎಲ್ಲಿಂದ ಸಿಗಬೇಕು." "ನಾನು ಕೈ ಹಾಕಿದ್ದೆಲ್ಲ ಹೀಗೇ." ಇವುಗಳಲ್ಲಿ "ಯಾವಾಗಲೂ", "ಎಲ್ಲಾ", "ಯಾರೂ" ಅನ್ನುವುದು ಎಷ್ಟು ಸಲ ಬರುತ್ತೆ ನೋಡಿ. ಒಂದು ದಿನದ ಸೋಲನ್ನು ಇಡೀ ಬದುಕಿಗೆ ಹಚ್ಚುವುದು ಆ ಮಾತುಗಳೇ.

ಇಷ್ಟು ಕೆಟ್ಟದ್ದೇ ಯಾಕೆ ತಲೆಯಲ್ಲಿ ತುಂಬಿದೆ ಅಂತ ಗಾಬರಿ ಬೇಡ. ಮನುಷ್ಯರ ಮನಸ್ಸೇ ಹಾಗೆ. ಮನಃಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಜೊತೆಗಾರರು 2001ರಲ್ಲಿ ಅಷ್ಟು ಹೊತ್ತಿಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ ಇದನ್ನೇ ಹೇಳಿದರು: ಒಳ್ಳೆಯದಕ್ಕಿಂತ ಕೆಟ್ಟದ್ದು ಮನಸ್ಸನ್ನು ಗಟ್ಟಿಯಾಗಿ ಹಿಡಿಯುತ್ತೆ. ಹತ್ತು ಜನ ಹೊಗಳಿದ್ದು ಮರೆತುಹೋಗುತ್ತೆ, ಒಬ್ಬರು ಚುಚ್ಚಿದ್ದು ವರ್ಷಗಟ್ಟಲೆ ಉಳಿಯುತ್ತೆ, ಅಲ್ವಾ?

ಕೆಟ್ಟ ಯೋಚನೆ ಬಂದಾಗ ಅದನ್ನು ಓಡಿಸಲು ಒದ್ದಾಡಬೇಡಿ. ಹೆಸರು ಹಿಡಿದು ಕರೆಯಿರಿ. "ನನಗೀಗ ಭಯ ಆಗ್ತಿದೆ." "ಇದು ಹೊಟ್ಟೆಕಿಚ್ಚು." "ಬೇಜಾರಾಗಿದೆ, ಸಿಟ್ಟಲ್ಲ." ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಮಿದುಳಿನ ಸ್ಕ್ಯಾನ್ ಮಾಡುತ್ತಾ ಜನರಿಗೆ ಸಿಟ್ಟಿನ, ಭಯದ ಮುಖಗಳ ಫೋಟೋ ತೋರಿಸಿತು. ಆ ಭಾವನೆ ಯಾವುದು ಅಂತ ಹೆಸರಿಸಿದಾಗ, ಭಯಕ್ಕೆ ತಟ್ಟನೆ ಸ್ಪಂದಿಸುವ ಮಿದುಳಿನ ಭಾಗದ ಚಟುವಟಿಕೆ ಇಳಿಯಿತು. ಹೆಸರಿಟ್ಟರೆ ಭಯ ಓಡಿಹೋಗುವುದಿಲ್ಲ, ಆದರೆ ಅದರ ಬಿರುಸು ಸ್ವಲ್ಪ ತಗ್ಗುತ್ತೆ.

ಸಿಹಿ ಮಾತಿಗಿಂತ ನಿಜದ ಮಾತು ಆರಿಸಿಕೊಳ್ಳಿ

ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳ್ತೀನಿ.

ಕನ್ನಡಿ ಮುಂದೆ ನಿಂತು "ನಾನು ಅದ್ಭುತ, ನಾನು ಗೆದ್ದೇ ಗೆಲ್ತೀನಿ" ಅಂತ ಹೇಳಿಕೊಳ್ಳಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಇದನ್ನು ಪರೀಕ್ಷೆ ಮಾಡಿದರು. "ನಾನು ಪ್ರೀತಿಗೆ ಅರ್ಹ" ಅನ್ನುವ ಅರ್ಥದ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳಲು ಹೇಳಿದಾಗ, ಮೊದಲೇ ತಮ್ಮ ಬಗ್ಗೆ ಒಳ್ಳೆ ಅಭಿಪ್ರಾಯ ಇದ್ದವರಿಗೆ ಸ್ವಲ್ಪ ಹಿತ ಅನಿಸಿತು. ತಮ್ಮ ಬಗ್ಗೆ ಕೀಳರಿಮೆ ಇದ್ದವರಿಗೆ ಇನ್ನೂ ಕೆಟ್ಟದಾಗಿ ಅನಿಸಿತು. ಅಂದರೆ ಯಾರಿಗೆ ಅದು ಜಾಸ್ತಿ ಬೇಕಿತ್ತೋ ಅವರಿಗೇ ಏಟು ಬಿತ್ತು. ಬಾಯಿ ಒಂದು ಹೇಳಿದರೆ ಒಳಗಿನಿಂದ "ಸುಳ್ಳು" ಅಂತ ಇನ್ನೊಂದು ದನಿ ಬರುತ್ತಲ್ಲ, ಅದರ ಹೊಡೆತ ಇದು.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೆದ ಮಾತುಗಳಲ್ಲಿ ಒಂದನ್ನು ತಗೊಳ್ಳಿ. ಅದರಲ್ಲಿ ಎಷ್ಟು ನಿಜ, ಎಷ್ಟು ಅತಿ ಅಂತ ಬೇರೆ ಮಾಡಿ. "ಈ ಸಾಲ ಈ ಜನ್ಮದಲ್ಲಿ ತೀರಲ್ಲ" ಅನ್ನುವುದನ್ನು "ಎಲ್ಲಾ ಒಳ್ಳೇದಾಗುತ್ತೆ" ಅಂತ ಬದಲಾಯಿಸಬೇಡಿ. "ಈ ತಿಂಗಳ ಕಂತು ಕಟ್ಟಿದ್ದೀನಿ. ಮುಂದಿನ ಕಂತಿಗೆ ಎರಡು ಸಾವಿರ ಕಡಿಮೆ ಇದೆ. ಸೋಮವಾರ ಬ್ಯಾಂಕಿಗೆ ಹೋಗಿ ಮಾತಾಡ್ತೀನಿ" ಅಂತ ಬದಲಾಯಿಸಿ. ಇದರಲ್ಲಿ ಒಂದೂ ಸುಳ್ಳಿಲ್ಲ. ಒಳಗಿನ ದನಿ ಎದುರು ಹೇಳಲು ಏನೂ ಉಳಿಯುವುದಿಲ್ಲ. "ನನಗೆ ಇಂಗ್ಲಿಷ್ ಬರಲ್ಲ" ಅನ್ನುವುದು "ಓದಿದರೆ ಅರ್ಥ ಆಗುತ್ತೆ, ಮಾತಾಡುವಾಗ ತಡವರಿಸ್ತೀನಿ" ಅಂತಾದರೆ, ಯಾವುದನ್ನು ಅಭ್ಯಾಸ ಮಾಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತೆ.

ತುಂಬಾ ಕಳವಳ ಆದಾಗ ನಿಮ್ಮನ್ನೇ ನೀವು ಹೆಸರು ಹಿಡಿದು ಮಾತಾಡಿಸಿಕೊಳ್ಳಿ, ತಂಗಿಗೋ ತಮ್ಮನಿಗೋ ಹೇಳುವ ಹಾಗೆ. ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಭಾಷಣಕ್ಕೆ ಮುಂಚೆ "ನಾನು, ನಾನು" ಅಂತ ಯೋಚಿಸಿದವರಿಗಿಂತ ತಮ್ಮ ಹೆಸರು ಹೇಳಿಕೊಂಡು ಯೋಚಿಸಿದವರು ಕಡಿಮೆ ಕಂಗೆಟ್ಟರು. ನಮ್ಮಲ್ಲಿ ವಯಸ್ಸಾದವರು ಮಂಡಿ ಹಿಡಿದುಕೊಂಡು "ಏಳು ತಾಯಿ, ಏಳು, ಕೆಲಸ ಇದೆ" ಅಂತ ತಮಗೆ ತಾವೇ ಹೇಳಿಕೊಂಡು ಏಳುವುದನ್ನು ನೀವು ನೋಡಿರಬಹುದು.

ಆಸೆಯ ಪಕ್ಕದಲ್ಲಿ ಅಡ್ಡಿಯನ್ನೂ ಬರೆಯಿರಿ

ಜರ್ಮನಿಯಲ್ಲಿ ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಯುವಕ ಯುವತಿಯರನ್ನು ಗೇಬ್ರಿಯೆಲ್ ಓಟಿಂಗನ್ ಅನ್ನುವ ಮನಃಶಾಸ್ತ್ರಜ್ಞೆ ಎರಡು ವರ್ಷ ಗಮನಿಸಿದರು. 2002ರಲ್ಲಿ ಬಂದ ಆ ಫಲಿತಾಂಶ ನನಗೆ ಬಹಳ ಮುಖ್ಯ ಅನಿಸುತ್ತೆ. ಒಳ್ಳೆ ಕೆಲಸ ಸಿಕ್ಕಿದ ಹಾಗೆ ಜಾಸ್ತಿ ಕನಸು ಕಂಡವರು ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ಬಂದ ಕೆಲಸದ ಆಫರ್‌ಗಳು ಕಡಿಮೆ ಇದ್ದವು, ಸಂಬಳವೂ ಕಡಿಮೆ ಇತ್ತು. ಆದರೆ "ನನ್ನ ಕೈಲಾಗುತ್ತೆ" ಅನ್ನುವ ನಂಬಿಕೆ ಇದ್ದವರು ಚೆನ್ನಾಗಿ ಮಾಡಿದ್ದರು. ಕನಸು ಬೇರೆ, ನಂಬಿಕೆ ಬೇರೆ. ಕನಸಿನಲ್ಲೇ ಉಂಡು ಎದ್ದವರಿಗೆ ಹಸಿವು ಕಡಿಮೆ.

ಅದಕ್ಕೆ ಹೀಗೆ ಮಾಡಿ. ನಿಮ್ಮ ಆಸೆಯನ್ನು ಒಂದು ಸಾಲಲ್ಲಿ ಬರೆಯಿರಿ. ಅದು ಆದರೆ ಬದುಕು ಹೇಗಿರುತ್ತೆ ಅಂತ ಒಂದು ನಿಮಿಷ ಮನಸ್ಸಲ್ಲಿ ನೋಡಿ. ಆಮೇಲೆ, ಇದನ್ನು ಬಿಡಬೇಡಿ, ನಿಮ್ಮೊಳಗಿನ ಯಾವುದು ಅಡ್ಡ ಬರುತ್ತೆ ಅಂತ ಬರೆಯಿರಿ. ಊರಿನವರು, ಸರ್ಕಾರ, ಅತ್ತೆ ಅಂತಲ್ಲ. ನಿಮ್ಮ ಸೋಮಾರಿತನ, ಭಯ, ಮೊಬೈಲ್, ಯಾರು ಏನಂದುಕೊಳ್ತಾರೋ ಅನ್ನುವ ಅಳುಕು. ಕೊನೆಗೆ "ಹೀಗಾದ ಕೂಡಲೇ ಹೀಗೆ ಮಾಡ್ತೀನಿ" ಅಂತ ಒಂದು ಸಾಲು.

ಸಕ್ಕರೆ ಕಾಯಿಲೆ ಇರುವ ಅಪ್ಪನಿಗೆ ಡಾಕ್ಟರ್ ನಡೆಯಲು ಹೇಳಿದ್ದಾರೆ ಅಂದುಕೊಳ್ಳಿ. "ನಾಳೆಯಿಂದ ವಾಕಿಂಗ್ ಹೋಗ್ತೀನಿ" ಅನ್ನುವುದು ಹೊಸ ವರ್ಷದ ಮಾತು, ಅದು ನಾಳೆಗೇ ಉಳಿಯುತ್ತೆ. "ಸಂಜೆ ಟೀ ಕುಡಿದು ಲೋಟ ಕೆಳಗಿಟ್ಟ ಕೂಡಲೇ ಚಪ್ಪಲಿ ಮೆಟ್ಟಿ, ಅರಳಿಕಟ್ಟೆಯವರೆಗೆ ಹೋಗಿ ಬರ್ತೀನಿ" ಅನ್ನುವುದು ನಡೆಯುವ ಮಾತು. ಲೋಟ ಇಟ್ಟಾಗಲೇ ಕಾಲು ಏಳುತ್ತೆ. ಪೀಟರ್ ಗೋಲ್ವಿಟ್ಸರ್ ಅನ್ನುವವರು ಈ ಬಗೆಯ ಸಂಕಲ್ಪಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿ, ಯಾವಾಗ, ಎಲ್ಲಿ, ಹೇಗೆ ಅಂತ ಮೊದಲೇ ಹೇಳಿಕೊಂಡವರು ಹಿಡಿದ ಕೆಲಸ ಜಾಸ್ತಿ ಮುಗಿಸುತ್ತಾರೆ ಅಂತ ತೋರಿಸಿದ್ದಾರೆ.

ಮನೆಯಲ್ಲಿ ಆಡುವ ಮಾತು

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ತಲೆಯೊಳಗಿನ ಮಾತು ಎಲ್ಲಿಂದ ಬಂತು? ಚಿಕ್ಕವರಿದ್ದಾಗ ಕಿವಿಗೆ ಬಿದ್ದದ್ದೇ ದೊಡ್ಡವರಾದ ಮೇಲೆ ನಮ್ಮ ದನಿಯಲ್ಲಿ ಕೇಳಿಸುತ್ತೆ.

ಎಸ್ಸೆಸ್ಸೆಲ್ಸಿ ಓದುತ್ತಿರುವ ಹುಡುಗ ಅರ್ಧವಾರ್ಷಿಕ ಗಣಿತದ ಪೇಪರ್ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾನೆ. 80ಕ್ಕೆ 31. ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಾಳೆ. ಸಾಮಾನ್ಯವಾಗಿ ಏನು ಬರುತ್ತೆ ಬಾಯಿಗೆ? "ನಿನ್ನ ಹಣೇಲಿ ಓದು ಬರೆದಿಲ್ಲ ಬಿಡು. ಎದುರುಮನೆ ಹುಡುಗೀನ ನೋಡಿ ಕಲಿ." ಅವನು ಪೇಪರ್ ಮಡಚಿಕೊಂಡು ಹೋಗ್ತಾನೆ. ಮುಂದಿನ ಸಲ ತೋರಿಸುವುದೂ ಇಲ್ಲ.

ಅದೇ ಅಮ್ಮ ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, "ಬಾ, ಕೂತ್ಕೋ. ಕೊಡು ಇಲ್ಲಿ" ಅಂದರೆ?

"ಈ ನಾಲ್ಕು ಅಂಕದ ಲೆಕ್ಕ ಪೂರ್ತಿ ಸರಿ ಇದೆಯಲ್ಲೋ. ಇದನ್ನ ಹೇಗೆ ಕಲಿತೆ?"

"ಅದಾ? ಅದನ್ನ ಮೂರು ಸಲ ಬರೆದಿದ್ದೆ ಅಮ್ಮ."

"ಸರಿ. ಒಂದೂ ಮುಟ್ಟದೆ ಬಿಟ್ಟಿರೋದು ಯಾವ ಪಾಠದ್ದು?"

"ತ್ರಿಕೋನಮಿತಿ. ಅದು ತಲೆಗೇ ಹೋಗಲ್ಲ."

"ಇನ್ನೂ ಹೋಗಿಲ್ಲ. ಶನಿವಾರ ಕ್ಲಾಸ್ ಮುಗಿದ ಮೇಲೆ ಮೇಷ್ಟ್ರ ಹತ್ರ ಒಂದು ಲೆಕ್ಕ ಕೇಳ್ಕೊಂಡು ಬಾ. ಒಂದೇ ಒಂದು. ಬಂದು ನನಗೆ ಹೇಳಿಕೊಡು."

ಅಮ್ಮ ಹೊಗಳಲಿಲ್ಲ, ಸುಳ್ಳೂ ಹೇಳಲಿಲ್ಲ. 31 ಅನ್ನುವುದು 31 ಆಗಿಯೇ ಉಳಿಯಿತು. ಆದರೆ ಹುಡುಗನಿಗೆ ಎರಡು ವಿಷಯ ಗೊತ್ತಾಯಿತು: ತಾನು ಮೂರು ಸಲ ಬರೆದದ್ದು ಫಲ ಕೊಟ್ಟಿದೆ, ಮುಂದೆ ಹಿಡಿಯಬೇಕಾದ್ದು ಒಂದು ಪಾಠ.

ಹೊಗಳುವಾಗಲೂ ಎಚ್ಚರ ಬೇಕು. ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ಕ್ಲಾಸಿನ ಮಕ್ಕಳಿಗೆ ಒಗಟಿನ ಥರದ ಲೆಕ್ಕ ಕೊಟ್ಟು, ಮುಗಿದ ಮೇಲೆ ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಕಷ್ಟಪಟ್ಟೆ" ಅಂದರು. ವ್ಯತ್ಯಾಸ ಆ ಒಂದೇ ಮಾತು. ಆಮೇಲೆ ಕಷ್ಟದ ಲೆಕ್ಕದಲ್ಲಿ ಎಲ್ಲರೂ ಎಡವಿದಾಗ, ಬುದ್ಧಿವಂತ ಅನ್ನಿಸಿಕೊಂಡವರು ಬೇಗ ಕೈಚೆಲ್ಲಿದರು, ಅವರಿಗೆ ಅದರಲ್ಲಿ ಸಂತೋಷವೂ ಕಡಿಮೆ ಆಯಿತು. ಬುದ್ಧಿವಂತ ಅನ್ನುವ ಪಟ್ಟ ಕಳೆದುಹೋಗುತ್ತೆ ಅನ್ನುವ ಭಯ ಮಕ್ಕಳನ್ನು ಹೇಗೆ ಕಟ್ಟಿಹಾಕುತ್ತೆ ನೋಡಿ. ಹಾಗಾಗಿ "ಜಾಣ ಮರಿ" ಅನ್ನುವ ಮುದ್ದಿನ ಜೊತೆಗೆ, ಮಗು ಏನು ಮಾಡಿತು ಅನ್ನುವುದನ್ನೂ ಹೆಸರಿಸಿ ಹೇಳಿ.

ಗಂಡ ಹೆಂಡತಿ ನಡುವೆ? ಜಾನ್ ಗಾಟ್‌ಮನ್ ಅಮೆರಿಕದಲ್ಲಿ ದಂಪತಿಗಳ ಜಗಳವನ್ನೇ ವಿಡಿಯೋ ಮಾಡಿ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ನೆಮ್ಮದಿಯಾಗಿ ಬಾಳುವವರು ಜಗಳದ ನಡುವೆಯೂ ಒಂದು ಕೆಟ್ಟ ಮಾತಿಗೆ ಐದರಷ್ಟು ಒಳ್ಳೆ ಮಾತು, ನಗು, ತಲೆಯಾಡಿಸುವಿಕೆ ಇಟ್ಟುಕೊಂಡಿರುತ್ತಾರೆ ಅಂತ ಅವರು ಕಂಡರು. ಲೆಕ್ಕ ಇಟ್ಟುಕೊಂಡು ಮಾತಾಡಿ ಅಂತ ನಾನು ಹೇಳಲ್ಲ. "ಊಟ ಆಯ್ತಾ?", "ಇವತ್ತು ಸಾರು ಚೆನ್ನಾಗಿತ್ತು", "ರೀ, ಸುಸ್ತಾಗಿದ್ದೀರಾ?" ಇವು ಐದರಲ್ಲಿ ಮೂರಾದವು. ಬೈಯಬೇಕಾದರೂ ಕೆಲಸವನ್ನು ಬೈಯಿರಿ, ಅವರ ತವರನ್ನಲ್ಲ.

ಕಾಯಿಲೆ ಬಿದ್ದವರನ್ನು ನೋಡಲು ಹೋದಾಗ ಇನ್ನೂ ಜಾಗ್ರತೆ. "ನಮ್ಮ ಚಿಕ್ಕಪ್ಪಂಗೂ ಇದೇ ಆಗಿತ್ತು, ಪಾಪ, ಉಳೀಲಿಲ್ಲ" ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಅಂಥ ಮಾತು ಮನಸ್ಸು ನೋಯಿಸಿ ಸುಮ್ಮನಾಗುವುದಿಲ್ಲ. ತೊಂದರೆ ಆಗುತ್ತೆ ಅಂತ ಮೊದಲೇ ಹೇಳಿದರೆ, ಬರೀ ಸಕ್ಕರೆ ಗುಳಿಗೆ ನುಂಗಿದವರಿಗೂ ತಲೆನೋವು, ಓಕರಿಕೆ ಬರುವುದನ್ನು ವೈದ್ಯರು ಎಷ್ಟೋ ಸಲ ಕಂಡಿದ್ದಾರೆ. ಹಾಗಂತ "ಪಾಸಿಟಿವ್ ಆಗಿರಿ, ಏನೂ ಆಗಲ್ಲ" ಅಂತಲೂ ಅನ್ನಬೇಡಿ. ನೋವಿನಲ್ಲಿರುವವರಿಗೆ ಅದು "ನಿನ್ನ ನೋವು ನನಗೆ ಬೇಡ" ಅಂದ ಹಾಗೆ ಕೇಳಿಸುತ್ತೆ. "ನಾಳೆ ಬೆಳಿಗ್ಗೆ ಇಡ್ಲಿ ತರ್ತೀನಿ, ಮಧ್ಯಾಹ್ನದ ತನಕ ನಾನು ಇಲ್ಲೇ ಇರ್ತೀನಿ, ನಿಮ್ಮವರು ಮನೆಗೆ ಹೋಗಿ ಮಲಗಿ ಬರಲಿ" ಅನ್ನಿ. ಆಡಿದ ಮೇಲೆ ಇಡ್ಲಿ ತೆಗೆದುಕೊಂಡು ಹೋಗಿ.

ಪ್ರಾರ್ಥನೆ: ಹೇಗೆ ಕೂರಬೇಕು, ಏನು ಹೇಳಬೇಕು

ಯಾವ ದೇವರು ಅನ್ನುವುದು ನಿಮಗೆ ಬಿಟ್ಟದ್ದು. ದಾಸರ ಪದ ಹಾಡುವವರಿದ್ದಾರೆ, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ದೃಷ್ಟಿ ನೆಟ್ಟು ಕೂರುವವರಿದ್ದಾರೆ, ನಮಾಜ್ ಮಾಡುವವರು, ಜಪಸರ ಹಿಡಿದವರು ಇದ್ದಾರೆ. ದೇವರನ್ನು ನಂಬದವರು ಸುಮ್ಮನೆ ಕೂತರೂ ಆಯಿತು. ಜಾಗ ಮತ್ತು ಹೊತ್ತು ಮಾತ್ರ ಬದಲಾಯಿಸಬೇಡಿ.

ಮುಸ್ಸಂಜೆ ಅದಕ್ಕೆ ಬಹಳ ಒಳ್ಳೆ ಹೊತ್ತು ಅಂತ ನನಗನಿಸುತ್ತೆ. ಕೈಕಾಲು ಮುಖ ತೊಳೆದುಕೊಳ್ಳಿ. ಟಿವಿ ಆಫ್ ಆಗಲಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಬತ್ತಿ ಹೊಸೆಯುವಾಗ ಬೆರಳಿಗೆ ಹತ್ತಿಯ ಎಳೆ ತಾಗುತ್ತಲ್ಲ, ಎಣ್ಣೆ ಹಾಕುವಾಗ ತುಳುಕದ ಹಾಗೆ ಕೈ ತಾನಾಗಿ ನಿಧಾನ ಆಗುತ್ತಲ್ಲ, ಅಲ್ಲಿಂದಲೇ ಪ್ರಾರ್ಥನೆ ಶುರು. ಗಡಿಬಿಡಿಯಲ್ಲಿ ದೀಪ ಹಚ್ಚಿ ಓಡುವವರಿಗೆ ಇದು ಸಿಗುವುದಿಲ್ಲ.

ಆಮೇಲೆ ಉಸಿರು. ಒಂದು ಸಾಲಿನ ನಾಮವನ್ನೋ ಶ್ಲೋಕವನ್ನೋ ಉಸಿರು ಬಿಡುತ್ತಾ ನಿಧಾನಕ್ಕೆ ಹೇಳಿ, ಮುಗಿದ ಮೇಲೆ ಉಸಿರು ತಾನಾಗಿ ಒಳಗೆ ಬರಲಿ, ಮತ್ತೆ ಹೇಳಿ. ಇಟಲಿಯ ವೈದ್ಯ ಲುಚಿಯಾನೊ ಬರ್ನಾರ್ಡಿ ಮತ್ತು ಜೊತೆಗಾರರು 2001ರಲ್ಲಿ 23 ಜನರ ಮೇಲೆ ಇದನ್ನು ಅಳೆದು ನೋಡಿದರು. ಕ್ರೈಸ್ತರ ಜಪಸರದ ಲ್ಯಾಟಿನ್ ಪ್ರಾರ್ಥನೆ ಹೇಳಿದಾಗಲೂ, "ಓಂ ಮಣಿ ಪದ್ಮೇ ಹುಂ" ಅಂದಾಗಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ರಕ್ತದೊತ್ತಡವನ್ನು ಹದದಲ್ಲಿಡುವ ಮೈಯೊಳಗಿನ ವ್ಯವಸ್ಥೆ ಆಗ ಚೆನ್ನಾಗಿ ಸ್ಪಂದಿಸಿತು. ಎರಡು ಬೇರೆ ಧರ್ಮ, ಎರಡು ಬೇರೆ ಭಾಷೆ, ಮೈಗೆ ಆದದ್ದು ಒಂದೇ. ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಉಸಿರು ನಿಧಾನವಾದ ಮೇಲೆ ಮಾತಾಡಿ. ಮೊದಲು ಇವತ್ತು ಸಿಕ್ಕಿದ ಒಂದು ಒಳ್ಳೇದನ್ನು ನೆನೆಯಿರಿ, ಬಿಡಿಯಾಗಿ. "ಆರೋಗ್ಯ, ಸಂಸಾರ" ಅಂತ ಒಟ್ಟಿಗೆ ಹೇಳಿದರೆ ಮನಸ್ಸಿಗೆ ಮುಟ್ಟುವುದಿಲ್ಲ. "ಬಸ್ಸಲ್ಲಿ ಗುರುತಿಲ್ಲದ ಹೆಂಗಸು ನನ್ನ ಚೀಲ ತೊಡೆ ಮೇಲೆ ಇಟ್ಕೊಂಡಳು" ಅಂದರೆ ಮುಟ್ಟುತ್ತೆ. ಆಮೇಲೆ ಮನಸ್ಸಿನಲ್ಲಿ ಚುಚ್ಚುತ್ತಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಿ, ಅಳು ಬಂದರೆ ಬರಲಿ. ಮನೆಯವರಲ್ಲದ ಒಬ್ಬರಿಗಾಗಿ ಕೇಳಿಕೊಳ್ಳಿ, ಸಿಟ್ಟಿರುವ ಒಬ್ಬರು ಆದರೆ ಇನ್ನೂ ಒಳ್ಳೇದು. ಕೊನೆಗೆ ನಿಮಗೆ ಬೇಕಾದ್ದು. ಕೇಳುವಾಗ "ಪಾಸು ಮಾಡಿಸು" ಅನ್ನುವುದರ ಜೊತೆಗೆ "ಬೆಳಿಗ್ಗೆ ಐದಕ್ಕೆ ಏಳುವ ಬುದ್ಧಿ ಕೊಡು" ಅಂತಲೂ ಕೇಳಿ. ಹರಕೆ ಹೊತ್ತು ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿಡುವ ಮನೆಯವರಾದರೆ, ಅದರ ಜೊತೆಗೆ ಒಂದು ಚೀಟಿ ಇಡಿ: ಇದಕ್ಕಾಗಿ ನಾನು ಮಾಡುವ ಕೆಲಸ ಇದು ಅಂತ ಬರೆದು.

ಒಳ್ಳೇದನ್ನು ನೆನೆಯುವ ಪಟ್ಟಿ ದಿನವೂ ಬರೆಯಲೇಬೇಕು ಅಂತಿಲ್ಲ. ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬರೆದದ್ದು ವಾರಕ್ಕೊಮ್ಮೆ, 10 ವಾರ. ಕಿರಿಕಿರಿಗಳನ್ನು ಬರೆದವರಿಗಿಂತ ಅವರು ಬದುಕಿನ ಬಗ್ಗೆ ಜಾಸ್ತಿ ತೃಪ್ತಿಯಿಂದ ಇದ್ದರು.

ಈಗ ಒಂದು ಕಷ್ಟದ ಮಾತು. ಪ್ರಾರ್ಥನೆ ಔಷಧಿಯ ಜಾಗಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ ಹರ್ಬರ್ಟ್ ಬೆನ್ಸನ್ ನೇತೃತ್ವದಲ್ಲಿ ಹೃದಯದ ಬೈಪಾಸ್ ಆಪರೇಷನ್ ಆದ 1,802 ಜನರನ್ನು ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುರುತಿಲ್ಲದವರು ದೂರದಿಂದ ಅವರಲ್ಲಿ ಒಂದಷ್ಟು ಜನರಿಗಾಗಿ ಪ್ರಾರ್ಥಿಸಿದ್ದರಿಂದ ತೊಡಕುಗಳೇನೂ ಕಡಿಮೆ ಆಗಲಿಲ್ಲ. ಅಮ್ಮನಿಗಾಗಿ ದೇವರಲ್ಲಿ ಕೇಳಿಕೊಳ್ಳಿ, ಖಂಡಿತ ಕೇಳಿಕೊಳ್ಳಿ. ಅದರ ಜೊತೆಗೆ ರಾತ್ರಿ ಎಂಟರ ಮಾತ್ರೆ ಕೊಟ್ಟಿದ್ದೀರಾ ಅಂತಲೂ ನೋಡಿ. ಹರಕೆ ಹೊತ್ತಿದ್ದೀವಿ ಅಂತ ಬಿಪಿ, ಶುಗರ್ ಮಾತ್ರೆ ನಿಲ್ಲಿಸಿದರೆ ಅದು ಭಕ್ತಿ ಅಲ್ಲ, ಅಪಾಯ.

ಒಳ್ಳೆ ಯೋಚನೆ ಸಾಲದ ಹೊತ್ತು

ಸಾವಿನ ಮನೆಯಲ್ಲಿ ಇದ್ಯಾವುದೂ ಬೇಡ. ಅಳುವವರು ಅಳಲಿ, ಪಕ್ಕದಲ್ಲಿ ಕೂರಿ.

ಮನೆಯಲ್ಲಿ ಹೊಡೆತ ಬಡಿತ ಇದ್ದರೆ "ಎಲ್ಲಾ ಒಳ್ಳೇದಕ್ಕೆ" ಅಂತ ಸಹಿಸಿಕೊಳ್ಳಬೇಡಿ, ಯಾರಿಗೂ ಹಾಗೆ ಸಹಿಸಿಕೋ ಅಂತ ಹೇಳಲೂಬೇಡಿ. ಹೆಣ್ಣುಮಕ್ಕಳ ಸಹಾಯವಾಣಿ 181, ತುರ್ತಿಗೆ 112.

ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ಸೇರಲ್ಲ, ಮೊದಲು ಇಷ್ಟ ಇದ್ದದ್ದು ಯಾವುದೂ ಬೇಡ, ಬದುಕೇ ಬೇಡ ಅನಿಸುತ್ತೆ ಅಂದರೆ ಅದು ಕಾಯಿಲೆ ಇರಬಹುದು. ನಂಬಿಕೆ ಕಡಿಮೆಯಾಗಿ ಬಂದದ್ದಲ್ಲ ಅದು, ಯಾರ ತಪ್ಪೂ ಅಲ್ಲ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಮನಸ್ಸಿನ ಆರೋಗ್ಯದ ಸಹಾಯವಾಣಿ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲಿಂದ ಶುರು ಮಾಡುವುದು

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಊಟದ ಹೊತ್ತಿನ ಮಾತಿನಿಂದ ಶುರು ಮಾಡಿ, ಒಬ್ಬರೇ ಇದ್ದರೆ ನೋಟ್‌ಬುಕ್ಕಿನಿಂದ, ವಯಸ್ಸಾದವರಾದರೆ ಸಂಜೆಯ ದೀಪದಿಂದ. ಒಂದು ಕೈಗೆ ಹತ್ತಿದ ಮೇಲೆ ಇನ್ನೊಂದು.

ಎಷ್ಟು ದಿನ ಬೇಕು ಅಂತ ಕೇಳುವವರು ಜಾಸ್ತಿ. 21 ದಿನ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ, ಅದನ್ನು ನೆಚ್ಚಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ತಂಡ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕು ಅನ್ನುವ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಮದುವೆ ಮನೆ, ಜ್ವರ, ಊರಿಗೆ ಹೋದದ್ದು ಅಂತ ಒಂದು ಸಂಜೆ ಬಿಟ್ಟುಹೋದರೆ ಮಾರನೇ ಸಂಜೆ ಅದೇ ಹೊತ್ತಿಗೆ ಕೂತುಬಿಡಿ, ಬಿಟ್ಟುಹೋದದ್ದಕ್ಕೆ ಎರಡರಷ್ಟು ಜಪ ಮಾಡುವ ಲೆಕ್ಕಾಚಾರ ಬೇಕಿಲ್ಲ.